ಕೊರೆಯುವ ಗುಂಡು, ಸಿಡಿಯುವ ಗುಂಡು

"ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಳ, ಇನ್ನ ಕಂಪ್ಯೂಟರ್ ಆಟದ ಅಂಗಡಿ ಏನ್ ನಡಸ್ತಾಳ!" ಎಂದು ನಕ್ಕವರು ನನ್ನ ದೊಡ್ಡ ಭಾವ. ಭಾಲ್ಕಿಯಲ್ಲಿ ಅಂಗಡಿ ತೆರೆದ ಎರಡನೇ ತಿಂಗಳಲ್ಲೇ ಆ ಮಾತು ನಿಜವಾಗುವುದರಲ್ಲಿತ್ತು.

ಬೋರ್‌ವೆಲ್ ಕೊರೆಯುವ ಗಿರಾಕಿಯೊಬ್ಬರು ವಿಮಾನ ಯುದ್ಧದ ಆಟ ಆಡುತ್ತಿದ್ದರು. ಎಷ್ಟು ಗುಂಡು ತಾಗಿದರೂ ವೈರಿ ವಿಮಾನ ಬೀಳಲೊಲ್ಲದು. "ನಿಮ್ಮ ಮಶೀನೇ ಖರಾಬ್ ಅದರಿ!" ಎಂದು ಕೂಗಿದರು. ಅವರ ಸಂಗಡ ಬಂದ ನಾಲ್ವರೂ ಎದ್ದು ನಿಂತರು. ಅವತ್ತು ನನಗಿದ್ದ ಗಿರಾಕಿಗಳೆಂದರೆ ಆ ಐವರೇ.

ಆ ಆಟದಲ್ಲಿ ಯಾವ ಗುಂಡು ತುಂಬಬೇಕೆಂದು ಆಡುವವರೇ ಆರಿಸಬೇಕು. ನೋಡಿದರೆ, ಇವರು ತುಂಬಿದ್ದು ಬರೀ ಉಕ್ಕು ಕೊರೆಯುವ ಗುಂಡು.

"ಇದನ್ನೇ ಯಾಕ ಆರಿಸಿದ್ರಿ?"

"ಆಳಕ್ಕ ಹೋಗೋದೇ ಚಲೋ ಅಲ್ಲೇನ್ರಿ, ಅಕ್ಕಾ?"

"ನೀರಿಗಿ ಚಲೋರಿ. ವಿಮಾನದ ರೆಕ್ಕಿ ತೆಳು ತಗಡು. ನಿಮ್ಮ ಗುಂಡು ಈ ಕಡಿ ಹೊಕ್ಕು ಆ ಕಡಿ ಹೊಂಟೋಗ್ತದ, ತೂತಷ್ಟೇ ಉಳೀತದ. ಒಳಗ ಹೋಗಿ ಸಿಡಿಯೋದು ಬೇಕ್ರಿ."

"ನಿಮಗ ಯಾರು ಹೇಳ್ಯಾರ ಇದೆಲ್ಲಾ?"

"ಯಾರೂ ಹೇಳಿಲ್ಲರಿ. ಆಟದಾಗೇ ಇಂಗ್ಲಿಷಿನ್ಯಾಗ ಬರೆದಿರ್ತದ, ಡಿಕ್ಷನರಿ ಇಟ್ಕೊಂಡು ಓದೀನಿ."

ಸಿಡಿಯುವ ಗುಂಡು ತುಂಬಿಕೊಟ್ಟೆ. ಎರಡೇ ಏಟಿಗೆ ರೆಕ್ಕೆ ಮುರಿದು ವಿಮಾನ ಉರುಳಿತು. ನಾಲ್ವರೂ ಮತ್ತೆ ಕುಳಿತರು. ಬೋರ್‌ವೆಲ್‌ನವರು ಮಾತ್ರ, "ಮೊದಲೇ ಹೇಳಬಾರದೇನ್ರಿ?" ಎಂದು ಗೊಣಗಿದರು.

ಈಗ ನನ್ನ ಅಂಗಡಿಯಲ್ಲಿ ಹನ್ನೆರಡು ಕಂಪ್ಯೂಟರ್ ಇವೆ. ಅವಕ್ಕಾಗಿ ಕೈಯಲ್ಲಿದ್ದ ಎರಡು ಬಂಗಾರದ ಪಾಟ್ಲಿ ಬಳೆ ಮಾರಿದೆ. ಪರದೆಯ ಸಣ್ಣ ಅಕ್ಷರ ಓದಿ ಓದಿ ಕನ್ನಡಕ ಬಂತು. ನನಗೆ ಪಾಟ್ಲಿಗಿಂತ ಕನ್ನಡಕವೇ ಒಪ್ಪುತ್ತದೆ.