ಹಲಗೆ ಕೇಳಿದರೆ ಕುಣಿಯುತ್ತಿದ್ದ ಕುದುರೆ

ನಮ್ಮ ಮನೆ ಹುನಗುಂದದ ಹೊರಗೆ, ಕೂಡಲಸಂಗಮದ ಕಡೆಗೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಹಿಂದೆ ಕಲ್ಲಿನ ಗೋಡೆ ಕಟ್ಟಿದ ಹಿತ್ತಲು, ಅದರಾಚೆ ಹೊಲ. ಆ ಹಿತ್ತಲಲ್ಲಿ ತಗಡಿನ ನೆರಳು ಮಾಡಿ ಮೂರು ಕುದುರೆಗಳನ್ನು ಇಟ್ಟುಕೊಂಡಿದ್ದೇವೆ. ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ಹೊಲ ನೋಡಿಕೊಳ್ಳುತ್ತಾರೆ. ನಮ್ಮಿಬ್ಬರನ್ನು ಅತ್ತೆ ನೋಡಿಕೊಳ್ಳುತ್ತಾರೆ. ಕುದುರೆ ಸಾಕಬೇಕೆಂದು ನಾವು ಮೂವರೂ ಎಂದೂ ಕನಸು ಕಂಡವರಲ್ಲ.

ಮೊದಲು ಬಂದದ್ದು ಇಳಕಲ್ಲಿನ ಟಾಂಗಾ ಎಳೆಯುತ್ತಿದ್ದ ಕಪ್ಪು ಹೆಣ್ಣು ಕುದುರೆ. ಯಜಮಾನ ಟಾಂಗಾ ಮಾರಿ ಆಟೋ ಕೊಂಡ ಮೇಲೆ ಅದು ಬಜಾರದಲ್ಲಿ ಸೀರೆಯ ರಟ್ಟಿನ ಡಬ್ಬಿ ತಿಂದುಕೊಂಡು ಅಡ್ಡಾಡುತ್ತಿತ್ತು. ಬೀಜ ತರಲು ಹೋಗಿದ್ದ ನನ್ನ ಗಂಡ ಬೀಜದ ಚೀಲವನ್ನು ಟಂಟಂ ಆಟೋದಲ್ಲಿ ಕಳಿಸಿ, ತಾವು ಕುದುರೆಯ ಹಗ್ಗ ಹಿಡಿದು ನಡೆದುಕೊಂಡು ಬಂದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದ್ದು ಒಂದೇ ಮಾತು.

"ಕುದರಿ ಕಟ್ಟಾಕ ನಾವೇನು ದೇಸಾಯರೇನಪಾ?"

"ನಾಲ್ಕ ದಿನ ಇರ್ಲಿ ಬೇ," ಎಂದರು ಗಂಡ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಆಮೇಲೆ ಬಾದಾಮಿಯಿಂದ ಒಂದು ತಟ್ಟು, ಗಿಡ್ಡ ಜಾತಿಯ ಕುದುರೆ, ಬಂತು. ಪ್ರವಾಸಿಗರ ಮಕ್ಕಳನ್ನು ಹೊತ್ತು ಹೊತ್ತು ಬೆನ್ನು ಹುಣ್ಣಾಗಿ, ಒಂದು ಕಣ್ಣು ಹೋಗಿತ್ತು. ಎರಡು ಕುದುರೆಗಳಾದ ಮೇಲೆ ಸುತ್ತಲಿನ ಊರುಗಳ ಜನ ನಮ್ಮನ್ನು ಕುದುರೆಯವರು ಎಂದೇ ಕರೆಯತೊಡಗಿದರು.

ಎಮ್ಮೆ, ಎತ್ತು ಸಾಕಿ ಗೊತ್ತಿದ್ದ ನಮಗೆ ಕುದುರೆ ಬೇರೆಯೇ ಜೀವ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಎತ್ತು ತಿಂದು ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ, ವಾಂತಿಯೂ ಇಲ್ಲ. ಒಳಗೆ ಹೋದದ್ದು ಸರಿಯಿಲ್ಲದಿದ್ದರೆ ಹೊಟ್ಟೆನೋವಿಗೆ ನೆಲಕ್ಕೆ ಬಿದ್ದು ಹೊರಳುತ್ತದೆ. ಕಪ್ಪು ಕುದುರೆಗೆ ಹಲ್ಲು ಸವೆದು ಜೋಳದ ಕಣಕಿ ಅಗಿಯಲಾಗದು. ಅದಕ್ಕೆ ಗೋಧಿ ತವುಡು ನೆನೆಸಿಡಬೇಕು. ತಟ್ಟಿಗೆ ಅದೇ ತವುಡು ಕೊಟ್ಟರೆ ಮೈ ಬಂದು ಗೊರಸು ನೋಯುತ್ತದೆ. ನಳದ ನೀರು ನಮ್ಮ ಕಡೆ ದಿನಾ ಬರುವುದಿಲ್ಲ. ಬಂದ ದಿನ ಮೊದಲು ತುಂಬುವುದು ಕುದುರೆಯ ತೊಟ್ಟಿ, ಆಮೇಲೆ ನಮ್ಮ ಬ್ಯಾರಲ್ಲು. ಲದ್ದಿ ಬಳಿದು ತಿಪ್ಪೆಗೆ ಹಾಕುವುದು ಸ್ವಲ್ಪ ತಡವಾದರೂ ನೊಣ ಏಳುತ್ತವೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಕಿಟಕಿ ಮುಚ್ಚುವ ಸದ್ದಿನಲ್ಲೇ ಅವರ ಸಿಟ್ಟು ಎಷ್ಟೆಂದು ನನಗೆ ಗೊತ್ತಾಗುತ್ತಿತ್ತು. ಒಂದು ವರ್ಷ ಅವರ ಕೈತೋಟಕ್ಕೆ ಗೊಬ್ಬರ ಹಾಕಿಕೊಟ್ಟ ಮೇಲೆ ಆ ಸದ್ದು ಕಡಿಮೆಯಾಯಿತು.

ಶನಿವಾರ ಬಂತೆಂದರೆ ಇನ್ನೊಂದು ಕಾಟ. "ಕರೀ ಕುದರಿ ಲಾಳ ಐತೇನ್ರಿ?" ಎಂದು ಯಾರಾದರೂ ಬಾಗಿಲಿಗೆ ಬರುತ್ತಿದ್ದರು. ಬಾಗಿಲಿಗೆ ಲಾಳ ಬಡಿದರೆ ಶನಿ ಒಳಗೆ ಬರುವುದಿಲ್ಲವಂತೆ. ನಮ್ಮ ಕಪ್ಪು ಕುದುರೆಯ ಲಾಳಗಳನ್ನು ಬಂದ ಹೊಸದರಲ್ಲೇ ಬಿಚ್ಚಿಸಿದ್ದೆವು. ಇಲ್ಲವೆಂದರೆ ಕೆಲವರು ನಂಬುತ್ತಿರಲಿಲ್ಲ. ಅತ್ತೆ ಹೊರಗೆ ಬಂದು, "ಬರಿಗಾಲಾಗ ಐತ್ರಿ ಅದು, ನಿಮ್ಮಂಗ ಚಪ್ಪಲ್ ಇಲ್ಲ ಅದಕ್ಕ," ಎಂದು ಕಳಿಸುತ್ತಿದ್ದರು. ಸಂಗಮಕ್ಕೆ ಹೋಗುವ ಭಕ್ತರು ಗೋಡೆಯ ಮೇಲಿಂದ ಚಪಾತಿ, ಹೋಳಿಗೆ ಎಸೆದು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಅದನ್ನು ತಿಂದು ತಟ್ಟಿಗೆ ಒಮ್ಮೆ ಹೊಟ್ಟೆನೋವು ಬಂದು ನಾವು ಮೂವರೂ ಸರದಿಯ ಮೇಲೆ ಅದನ್ನು ಹಿತ್ತಲ ತುಂಬ ನಡೆಸಿದ ಮೇಲೆ, ನನ್ನ ಗಂಡ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದರು: ಕುದುರೆಗಳ ಊಟ ಆಗಿದೆ.

ಇಷ್ಟಕ್ಕೆಲ್ಲ ನಾವು ಹೊಂದಿಕೊಂಡಿದ್ದೆವು. ಆಗ ಬಾಗಲಕೋಟೆಯಿಂದ ಬಿಳಿ ಕುದುರೆ ಬಂತು.

ಅದು ಮದುವೆ ಮೆರವಣಿಗೆಯಲ್ಲಿ ಕುಣಿಯುವ ಕುದುರೆ. ಒಂದು ಮಂಗಲ ಕಾರ್ಯಾಲಯದ ಹಿಂದೆ ಮೂರು ಕಾಲಿನ ಮೇಲೆ ನಿಂತಿದೆ, ಯಜಮಾನ ಬೇಡವೆನ್ನುತ್ತಾನೆ, ಬಂದು ಒಯ್ಯಿರಿ ಎಂದು ಯಾರೋ ಫೋನ್ ಮಾಡಿದರು. ಗೂಡ್ಸ್ ಗಾಡಿಯಲ್ಲಿ ತಂದಿಳಿಸಿದಾಗ ಅದರ ಬಾಲಕ್ಕೆ ಹಚ್ಚಿದ್ದ ಗುಲಾಲಿನ ಬಣ್ಣ ಇನ್ನೂ ಹೋಗಿರಲಿಲ್ಲ. ಮುಂಗಾಲಿಗೆ ಗೆಜ್ಜೆ ಕಟ್ಟುತ್ತಿದ್ದ ಜಾಗದಲ್ಲಿ ಚರ್ಮ ಹರಿದು ಆಳವಾದ ಗಾಯವಾಗಿತ್ತು, ಅದರ ಸುತ್ತ ಕಾಲು ಬಾತು ಕಂಬದಂತಾಗಿತ್ತು. ಮೊಣಕಾಲಿನ ಮೇಲೆ ಕೋಲಿನ ಹಳೆಯ ಬರೆಗಳು.

ದನದ ದವಾಖಾನೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ನಾಚಿಕೆಯಿರಲಿಲ್ಲ. ತನಗೆ ಕಲಿಸಿದವರಿಗೆ ನಮ್ಮೆದುರೇ ಫೋನ್ ಮಾಡಿ ಕೇಳಿ, ಕಾಲನ್ನು ಮುಟ್ಟಿ ಮುಟ್ಟಿ ನೋಡಿ ಹೇಳಿದಳು.

"ಎಲುಬು ಮುರದಿಲ್ರಿ. ನರ ಎಳದೈತಿ. ಗಾಯ ಮಾಯೂತನಕ ಜಿಗ್ಯಾಕ ಬಿಡಬ್ಯಾಡ್ರಿ. ನಿಂತ ನಿಂತ ವಾಸಿ ಆಗ್ಬೇಕು ಇದು."

ಗಾಯಕ್ಕೆ ಪಟ್ಟಿ ಕಟ್ಟುವುದು ನನ್ನ ಕೆಲಸ. ಆಸ್ಪತ್ರೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಕುದುರೆ ಸೌಮ್ಯವಾಗಿತ್ತು. ನಾನು ಕಾಲ ಬಳಿ ಕೂತರೆ ಬಿಸಿ ಉಸಿರನ್ನು ನನ್ನ ಹೆರಳಿನ ಮೇಲೆ ಬಿಡುತ್ತಾ ಸುಮ್ಮನೆ ನಿಂತಿರುತ್ತಿತ್ತು. ಒಂದು ವಾರದಲ್ಲಿ ಗಾಯದ ಅಂಚು ಕೆಂಪಗೆ, ಚೊಕ್ಕಟವಾಗಿ ಕಾಣತೊಡಗಿತು. ಇದು ಬಲು ಬೇಗ ಗುಣವಾಗುತ್ತದೆ ಎಂದುಕೊಂಡೆ.

ಒಂದು ಭಾನುವಾರ ಬೆಳಗ್ಗೆ ಪಟ್ಟಿ ಕಟ್ಟಿ ಗಂಟು ಹಾಕುತ್ತಿದ್ದೆ. ದೂರದಲ್ಲಿ ತಮಟೆಯಂಥ ಹಲಗೆಯ ಸದ್ದು ಕೇಳಿಸಿತು. ಮದುವೆಯ ದಿಬ್ಬಣ ನಮ್ಮ ದಾರಿಯಲ್ಲೇ ಬರುತ್ತಿತ್ತು. ಕುದುರೆಯ ಮೈ ನನ್ನ ಕೈಯಡಿಯಲ್ಲೇ ಬಿಗಿಯಿತು. ಕುತ್ತಿಗೆ ಬಿಲ್ಲಾಯಿತು. ಬಾತ ಕಾಲನ್ನು ಎತ್ತಿ ನೆಲಕ್ಕೆ ಬಡಿಯಿತು, ಆಮೇಲೆ ಇನ್ನೊಂದನ್ನು. ಹಲಗೆ ಹತ್ತಿರವಾದಂತೆ ಹೆಜ್ಜೆ ಚುರುಕಾಯಿತು. ನಾನು ಹಿಂದೆ ಸರಿದೆ. ಪಟ್ಟಿ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು, ಗಾಯ ಒಡೆದು ರಕ್ತ ಗೊರಸಿಗೆ ಇಳಿಯಿತು. ಆದರೂ ನಿಲ್ಲಲಿಲ್ಲ. ಗೋಡೆಯ ಆಚೆ ಯಾರೋ ಇದನ್ನು ಕಂಡು ಸಿಳ್ಳೆ ಹೊಡೆದರು.

ನನ್ನ ಗಂಡ ಓಡಿ ಬಂದು ಅದರ ಕುತ್ತಿಗೆ ತಬ್ಬಿ ಹಿಡಿದರು. ಅದರ ಕಣ್ಣಿನ ಬಿಳಿ ಪೂರಾ ಕಾಣುತ್ತಿತ್ತು.

"ಖುಷಿಗೆ ಕುಣಿಯಾಕತ್ತಿಲ್ಲ ಇದು," ಎಂದರು ಅವರು. "ಅಂಜಿ ಕುಣಿಯಾಕತ್ತೈತಿ."

ಮದುವೆಯ ಕಾಲ ಆಗಷ್ಟೇ ಶುರುವಾಗಿತ್ತು. ಸಂಗಮದಲ್ಲಿ ಮದುವೆ ಮಾಡಿಕೊಳ್ಳುವವರು, ಊರ ಮಂಗಲ ಕಾರ್ಯಾಲಯಕ್ಕೆ ಬರುವವರು, ಎಲ್ಲರಿಗೂ ಇದೇ ದಾರಿ. ಕಿವಿಗೆ ಹತ್ತಿ ಇಟ್ಟೆವು. ತಲೆ ಕೊಡವಿ ಉದುರಿಸಿತು. ಐಹೊಳೆಯ ಕಡೆ ಗೆಳೆಯರೊಬ್ಬರ ಹೊಲದಲ್ಲಿ ಬಿಡೋಣವೆಂದು ಗಂಡ ಹೇಳಿದರು. ಅಲ್ಲಿ ಹಲಗೆಯಿಲ್ಲ ನಿಜ, ಆದರೆ ದಿನಾ ಎರಡು ಹೊತ್ತು ಪಟ್ಟಿ ಕಟ್ಟುವವರು ಯಾರು? ಗಾಯ ಮೂರು ದಿನ ಮುಚ್ಚಿಕೊಳ್ಳುತ್ತಿತ್ತು, ನಾಲ್ಕನೆಯ ದಿನ ಯಾರದೋ ಮದುವೆಗೆ ಮತ್ತೆ ಒಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗಲೂ ಬೀದಿಯಲ್ಲಿ ವಾದ್ಯ ಕೇಳಿದರೆ ನನ್ನ ಕೈ ನಿಲ್ಲುತ್ತಿತ್ತು.

ಆಗ ದಾರಿಗೆ ಇಳಿದವರು ಅತ್ತೆ. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿ, ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ದಾರಿಯ ನಡುವೆ ನಿಲ್ಲುತ್ತಿದ್ದರು. ದಿಬ್ಬಣ ಹತ್ತಿರ ಬಂದರೆ ಕೈ ಎತ್ತುತ್ತಿದ್ದರು.

"ಒಳಗ ಜಡ್ಡಾಗಿ ನಿಂತಾರ. ಈ ಮನಿ ದಾಟೂತನಕ ಬಾರ್ಸಬ್ಯಾಡ್ರೆಪಾ."

"ಹಿರ್ಯಾರೇನ್ರೀ ಅವ್ವಾರ?" ಎಂದು ಯಾರಾದರೂ ಮರುಕದಿಂದ ಕೇಳುತ್ತಿದ್ದರು.

"ಹೂಂ. ಭಾಳ ದುಡದಾರ," ಎನ್ನುತ್ತಿದ್ದರು ಅತ್ತೆ. ಸುಳ್ಳಾಡದ ಹೆಂಗಸು ಅವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಹಳ ಜನ ಮಾತು ಕೇಳುತ್ತಿದ್ದರು. ಕೆಲವರು ಕುಡಿದ ಅಮಲಿನಲ್ಲಿ ಇನ್ನಷ್ಟು ಜೋರಾಗಿ ಬಾರಿಸಿದ್ದೂ ಉಂಟು. ಒಮ್ಮೆ ಒಂದು ದಿಬ್ಬಣ ಅತ್ತೆಯ ಮಾತಿಗೆ ಸದ್ದು ನಿಲ್ಲಿಸಿ ದಾಟಿತು. ಆದರೆ ಮುಂದೆ ಹಲಗೆ ಬಾರಿಸುತ್ತಿದ್ದವರಲ್ಲಿ ಒಬ್ಬರು ಹಿಂದೆ ಉಳಿದರು. ನಡುವಯಸ್ಸಿನವರು, ಮರೋಳದ ಕಡೆಯವರು. ಗೋಡೆಯ ಮೇಲಿಂದ ಹಿತ್ತಲು ನೋಡುತ್ತಾ ನಿಂತು ನನ್ನನ್ನು ಕೇಳಿದರು.

"ಅಕ್ಕಾರ, ಈ ಕುದರಿ ಬಾಗಲಕೋಟಿದೇನ್ರಿ?"

ಹೌದೆಂದೆ.

"ನನ್ನ ಹಲಗಿಗೆ ಭಾಳ ಸಲ ಕುಣದೈತ್ರಿ ಇದು. ಕಾಲು ನಿಂತ್ರ ಹಿಂದಿನಿಂದ ಕೋಲು ಬೀಳತಿತ್ತು. ನಾವು ಮುಂದ ಬಾರ್ಸಾವ್ರು, ಹಿಂದ ತಿರುಗಿ ನೋಡಾಕ ಎಲ್ಲಿ ಆಗತೈತ್ರಿ." ಅವರು ಹಲಗೆಯನ್ನು ಬೆನ್ನ ಹಿಂದೆ ಸರಿಸಿಕೊಂಡು ಒಳಗೆ ಬಂದರು. ಕುದುರೆಯ ಹತ್ತಿರ ಹೋಗಲಿಲ್ಲ. ದೂರದಿಂದಲೇ ಕಾಲಿನ ಪಟ್ಟಿ ನೋಡಿದರು.

ಹಿಂದಿನ ವಾರವಷ್ಟೇ ಡಾಕ್ಟರು ನನಗೆ ಒಂದು ಮಾತು ಹೇಳಿದ್ದಳು. ಸದ್ದನ್ನು ಇಡೀ ಊರಲ್ಲಿ ನಿಲ್ಲಿಸಲಾಗದು; ಸದ್ದು ಕೇಳಿದರೆ ಏಟು ಬರುವುದಿಲ್ಲ, ತಿನಿಸು ಬರುತ್ತದೆ ಎಂದು ಅದಕ್ಕೆ ತಿಳಿಸಿಕೊಡಬೇಕು, ಮೆಲ್ಲಗೆ, ಬಹಳ ಮೆಲ್ಲಗೆ. ನಾನು ಮೊಬೈಲಿನಲ್ಲಿ ಹಲಗೆಯ ಸದ್ದು ಹಾಕಿ ನೋಡಿದ್ದೆ. ಕುದುರೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದನ್ನೆಲ್ಲ ಅವರಿಗೆ ಹೇಳಿ, "ಅಣ್ಣಾರ, ನೀವು ಬಿಡುವಿದ್ದಾಗ ಬಂದು ಇಲ್ಲಿ ಒಂದೀಟು ಬಾರಸ್ತೀರೇನ್ರಿ?" ಎಂದು ಕೇಳಿದೆ.

ಅವರು ಇನ್ನೊಮ್ಮೆ ಕುದುರೆಯತ್ತ ನೋಡಿದರು. "ನಾಳಿಗೆ ಬರ್ತೇನ್ರಿ," ಎಂದರು.

ಬಂದರು. ಮೊದಲ ದಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ಮರದ ಕೆಳಗೆ ಕೂತದ್ದಷ್ಟೇ. ಅತ್ತೆ ಬುಟ್ಟಿಯಲ್ಲಿ ನೆನೆಸಿದ ತವುಡಿಗೆ ಬೆಲ್ಲ ಕಲಸಿ ಕುದುರೆಯ ಮುಂದೆ ಹಿಡಿದಿದ್ದರು. ಕುದುರೆ ಹಲಗೆಯನ್ನು ನೋಡುತ್ತ ಬುಟ್ಟಿಯನ್ನು ಮುಟ್ಟಲೇ ಇಲ್ಲ. ಕೆಲವು ದಿನಗಳಾದ ಮೇಲೆ ಅವರು ಕೂತಿದ್ದರೂ ತಿನ್ನತೊಡಗಿತು. ಆಗ ಅವರು ಬೆರಳ ತುದಿಯಿಂದ ಹಲಗೆಯನ್ನು ಸವರಿದರು. ಒಣ ಎಲೆ ಉದುರಿದಷ್ಟು ಸದ್ದು. ಕುದುರೆಯ ಕಿವಿ ಅತ್ತ ತಿರುಗಿತು, ಬಾಯಿ ಬುಟ್ಟಿಯಲ್ಲೇ ಇತ್ತು. ಅತ್ತೆ ನನ್ನತ್ತ ನೋಡಿ ಹುಬ್ಬು ಹಾರಿಸಿದರು.

ಮಧ್ಯಾಹ್ನಗಳು ಹೀಗೆ ಸಾಗಿದವು. ಕೆಲಸ ಮುಗಿದ ಮೇಲೆ ಅತ್ತೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಬಿಸಿ ರೊಟ್ಟಿ, ಪುಂಡಿ ಪಲ್ಲೆ ಬಡಿಸುತ್ತಿದ್ದರು. ಕಪ್ಪು ಕುದುರೆಗೆ ಹಲಗೆಯ ಸದ್ದು ಬೆಲ್ಲದ ಸದ್ದಾಗಿ, ಅದು ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿತ್ತು.

ಒಂದು ದಿನ ನಾವೆಲ್ಲ ಸ್ವಲ್ಪ ಆತುರಪಟ್ಟೆವು. ಹಲಗೆಯವರು ಕೋಲು ತೆಗೆದುಕೊಂಡು ಮೆಲ್ಲಗೆ ಎರಡು ಪೆಟ್ಟು ಹಾಕಿದರು. ಬಿಳಿ ಕುದುರೆ ಮುಂಗಾಲೆತ್ತಿ ನಿಂತುಬಿಟ್ಟಿತು. ಬುಟ್ಟಿ ಹಾರಿತು. ಅತ್ತೆ ಹಿಂದಕ್ಕೆ ಬಿದ್ದು ಮುಂಗೈ ಉಳುಕಿಸಿಕೊಂಡರು. ಆ ಮನುಷ್ಯ ಹಲಗೆ ಬಿಸುಟು ಬಂದು ಅವರನ್ನು ಎಬ್ಬಿಸಿ ಕೂರಿಸಿದರು. ನಾನು ಅತ್ತೆಯ ಕೈಗೆ ಪಟ್ಟಿ ಸುತ್ತುತ್ತ, ಸಾಕು, ಇಲ್ಲಿಗೆ ನಿಲ್ಲಿಸೋಣ, ಕುದುರೆಯನ್ನು ಐಹೊಳೆಗೆ ಕಳಿಸೋಣ ಎಂದೆ.

"ಬಿದ್ದಾಕಿ ನಾನು," ಎಂದರು ಅತ್ತೆ. "ಆ ಕುದರಿ ಏನ್ ಬಿದ್ದಿಲ್ಲಲ್ಲ. ಕಾಲು ನೋಡು ಹೋಗು, ಪಟ್ಟಿ ಐತೋ ಬಿಚ್ಚೇತೋ." ಆಮೇಲೆ ಹಲಗೆಯವರತ್ತ ತಿರುಗಿ, "ನಾಳಿಗೆ ಬಾರಪಾ ನೀ. ಕೋಲು ಬ್ಯಾಡ, ಬೆರಳಿಂದ ಬಾರ್ಸು," ಎಂದರು.

ಹೋಗಿ ನೋಡಿದೆ. ಪಟ್ಟಿ ಬಿಚ್ಚಿರಲಿಲ್ಲ.

ಮತ್ತೆ ಬೆರಳಿನಿಂದ ಶುರುವಾಯಿತು. ಅತ್ತೆ ಎಡಗೈಯಲ್ಲಿ ಬುಟ್ಟಿ ಹಿಡಿಯುತ್ತಿದ್ದರು. ದಾರಿಯಲ್ಲಿ ನಿಲ್ಲುವುದನ್ನೂ ಬಿಟ್ಟಿರಲಿಲ್ಲ. ಕೋಲಿನ ಮೊದಲ ಪೆಟ್ಟಿಗೆ ಕುದುರೆ ತಲೆ ಎತ್ತದೆ ತಿಂದ ಮಧ್ಯಾಹ್ನ, ಆ ಹಲಗೆಯವರು ಬಾರಿಸುತ್ತಲೇ ಕಣ್ಣು ಒರೆಸಿಕೊಂಡರು. ನಾವು ಯಾರೂ ಅದನ್ನು ಕಂಡಂತೆ ತೋರಿಸಿಕೊಳ್ಳಲಿಲ್ಲ.

ಮಳೆ ಬೀಳುವ ಮುಂಚಿನ ಕೊನೆಯ ಮುಹೂರ್ತಗಳು. ಅತ್ತೆ ಪೂಜೆಗೆ ಕೂತಿದ್ದಾಗಲೇ ದೊಡ್ಡದೊಂದು ದಿಬ್ಬಣ ಬಂದುಬಿಟ್ಟಿತು. ತಡೆಯುವವರು ದಾರಿಯಲ್ಲಿ ಯಾರೂ ಇರಲಿಲ್ಲ. ಹಲಗೆ, ಬ್ಯಾಂಡು ಎರಡೂ ಇದ್ದವು. ನಾನು ಅಡುಗೆಮನೆಯಿಂದ ಹಿತ್ತಲಿಗೆ ಓಡಿದೆ. ಬಿಳಿ ಕುದುರೆ ಕುತ್ತಿಗೆ ಎತ್ತಿ ನಿಂತಿತ್ತು. ನೋವಿನ ಕಾಲನ್ನು ಒಮ್ಮೆ ಎತ್ತಿತು. ಅದು ನೆಲಕ್ಕೆ ಬಡಿಯುವುದನ್ನು ಕಾಯುತ್ತಾ ನಿಂತೆ. ಅದು ಕಾಲನ್ನು ಮೆಲ್ಲಗೆ ಇಳಿಸಿ, ಅತ್ತೆ ದಿನಾ ಬರುವ ಬಾಗಿಲ ಕಡೆಗೆ ತಿರುಗಿ ಕೆನೆಯಿತು. ಬುಟ್ಟಿ ಎಲ್ಲಿ ಎಂದು ಕೇಳುವ ಕೆನೆತ. ನಾನು ಕೈಗೆ ಸಿಕ್ಕ ಬಾಂಡೆಯಲ್ಲಿ ತವುಡು ಸುರಿದು ಮುಂದಿಟ್ಟೆ. ಗೋಡೆಯ ಆಚೆ ಇಡೀ ಮೆರವಣಿಗೆ ದಾಟಿ ಹೋಗುವವರೆಗೂ ಅದು ತಿನ್ನುತ್ತಿತ್ತು. ಪೂಜೆ ಮುಗಿಸಿ ಗಾಬರಿಯಿಂದ ಬಂದ ಅತ್ತೆ ಖಾಲಿ ಬಾಂಡೆಯನ್ನು ನೋಡಿ, ಒದ್ದೆಯಿರದ ಪಟ್ಟಿಯನ್ನು ನೋಡಿ, ಕಟ್ಟೆಯ ಮೇಲೆ ಕೂತರು. "ಬೆಲ್ಲ ಹಾಕೀದಿಲ್ಲ?" ಎಂದು ಕೇಳಿದರು. ಗಡಿಬಿಡಿಯಲ್ಲಿ ಮರೆತಿದ್ದೆ.

ಮಳೆಗಾಲದಲ್ಲಿ ಗಾಯ ಪೂರ್ತಿ ಮಾಯಿತು. ಸ್ವಲ್ಪ ಕುಂಟು ಉಳಿಯಿತು. ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದಳು, ಇನ್ನು ಹೊಲಕ್ಕೆ ಬಿಡಿ ಎಂದಳು. ಕಾಲುವೆ ನೀರಿಗೆ ನನ್ನ ಗಂಡ ಒಂದು ಮಡಿ ಕುದುರೆಮೆಂತ್ಯದ ಮೇವು ಬೆಳೆದಿದ್ದರು. ಹಲಗೆಯವರೂ ಅವತ್ತು ಬಂದಿದ್ದರು, ಹಲಗೆ ಇಲ್ಲದೆ. ಅತ್ತೆ ಬೆಳಗ್ಗೆಯೇ ಕುದುರೆಗೆ ಸೀಗೆಕಾಯಿ ಹಾಕಿ ಮೈ ತಿಕ್ಕಿ ಹಾಲಿನಂತೆ ಮಾಡಿದ್ದರು. ಹಗ್ಗ ಬಿಚ್ಚಿದೊಡನೆ ಅದು ಹಸಿರಿನ ಕಡೆ ಕಣ್ಣೆತ್ತಿಯೂ ನೋಡದೆ, ನೇರ ಹೋಗಿ ನಿನ್ನೆಯ ಮಳೆಗೆ ನೆನೆದ ಎರೆಮಣ್ಣಿನಲ್ಲಿ ಬಿದ್ದು, ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಹೊರಳಿತು. ಎದ್ದಾಗ ಕಪ್ಪು ಕುದುರೆ ಯಾವುದು, ಬಿಳಿ ಕುದುರೆ ಯಾವುದು ಗೊತ್ತಾಗದ ಹಾಗಿತ್ತು.

"ಇನ್ನೊಮ್ಮೆ ನಾ ತೊಳ್ಯಾಂಗಿಲ್ಲ ನೋಡ," ಎಂದು ಅತ್ತೆ ನನ್ನ ಗಂಡನಿಗೆ ಹೇಳಿದರು. ಹಾಗೆ ಹೇಳುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಡ ಎಲ್ಲಿದೆ ಎಂದು ಹುಡುಕುತ್ತಿದ್ದರು.