ಯಾರೂ ತೊಳೆಯದ ಕ್ಯಾನು

2023ರ ಬೇಸಿಗೆ. ಹಾಲು ಒಕ್ಕೂಟದಲ್ಲಿ ನಾನಾಗ ವಿಸ್ತರಣಾಧಿಕಾರಿ. ಹೆಸರು ದೊಡ್ಡದು, ಕೆಲಸವೆಂದರೆ ಹಳ್ಳಿಯ ಹಾಲು ಉತ್ಪಾದಕರ ಸಂಘಗಳನ್ನು ಸುತ್ತುವುದು, ಹಾಲಿನ ಗುಣಮಟ್ಟ ನೋಡುವುದು, ಜಗಳ ಬಿಡಿಸುವುದು. ಹುಟ್ಟಿದ್ದು ಕುಣಿಗಲ್ ಕಡೆ, ಮನೆ ತುಮಕೂರಿನಲ್ಲಿ, ಕೆಲಸ ಗುಬ್ಬಿ ತಾಲ್ಲೂಕಿನಲ್ಲಿ. ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು. ಆ ಮೇಡಂ ಬಾಯಿ ಜೋರು ಎಂದು ಸಂಘಗಳಲ್ಲಿ ಆಗಲೇ ಹೆಸರಾಗಿತ್ತು. ನಾನೇನೂ ಅದನ್ನು ಅಳಿಸಲು ಹೋಗಿರಲಿಲ್ಲ.

ಕಡಬದ ಕೆರೆ ದಾಟಿ ಒಳಗೆ ಹೋದರೆ ಒಂದು ಊರು, ಹೆಸರು ಬೇಡ. ಅಲ್ಲಿನ ಸಂಘದಿಂದ ಹೋಗುವ ಕ್ಯಾನುಗಳಲ್ಲಿ ಒಂದು ಕ್ಯಾನು ಮೇಲಿಂದ ಮೇಲೆ ವಾಪಸ್ಸಾಗುತ್ತಿದೆ ಎಂದು ಶೀತಲೀಕರಣ ಘಟಕದಿಂದ ವರದಿ ಬಂತು. ಸುತ್ತಲಿನ ಊರುಗಳ ಹಾಲನ್ನು ದೊಡ್ಡ ಟ್ಯಾಂಕಿಗೆ ಸುರಿದು ತಂಪು ಮಾಡುವ ಜಾಗ ಅದು. ಸುರಿಯುವ ಮೊದಲು ಪ್ರತಿ ಕ್ಯಾನಿನಿಂದ ಸ್ವಲ್ಪ ಹಾಲು ತೆಗೆದು ಗಾಜಿನ ನಳಿಗೆಯಲ್ಲಿ ಕುದಿಸುತ್ತಾರೆ. ಒಡೆದರೆ ಆ ಕ್ಯಾನು ಬಂದ ದಾರಿಗೇ ವಾಪಸ್. ಒಡೆಯುತ್ತಿದ್ದುದು ಯಾವಾಗಲೂ ಒಂದೇ ಕ್ಯಾನು ಎನ್ನುವುದು ನನಗೆ ವಿಚಿತ್ರವೆನಿಸಿತು.

ಬೆಳಗಿನ ಸರದಿಗೆ ಸರಿಯಾಗಿ ಹೋದೆ. ಸಂಘದ ಒಳಗೆ ಕ್ಯಾನುಗಳು ಸಾಲಾಗಿ ನಿಂತಿದ್ದವು. ಹೊರಗೆ, ಮೆಟ್ಟಿಲ ಪಕ್ಕದ ಬಿಸಿಲಿನಲ್ಲಿ, ಹಿಡಿಗೆ ನೀಲಿ ದಾರ ಕಟ್ಟಿದ ಇನ್ನೊಂದು ಕ್ಯಾನು. ಹಾಲು ಅಳೆಯುವ ಕಾರ್ಯದರ್ಶಿ ನಂಜುಂಡನನ್ನು ಅದೇನೆಂದು ಕೇಳಿದೆ.

“ಅದು ಆ ಕೇರಿಯೋರದ್ದು ಮೇಡಂ. ಅವ್ರ ಹಾಲು ಒಡೀತದೆ. ಅದಕ್ಕೇ ಬೇರೆ ಇಟ್ಟಿದೀವಿ.”

ಸರ್ಕಾರದ ಯೋಜನೆಯಲ್ಲಿ ಆ ಕೇರಿಯ ಕೆಲವು ದಲಿತ ಕುಟುಂಬಗಳಿಗೆ ಹಸು ಸಿಕ್ಕಿ ವರ್ಷವಾಗಿರಲಿಲ್ಲ. ಬೇರೆ ಕ್ಯಾನು ಮೊದಲ ದಿನದಿಂದಲೇ ಇತ್ತು ಎಂದು ಆಮೇಲೆ ತಿಳಿಯಿತು. ಅಂದರೆ ಒಡೆದದ್ದಕ್ಕೆ ಬೇರೆ ಇಟ್ಟದ್ದಲ್ಲ. ಬೇರೆ ಇಟ್ಟ ಮೇಲೆ ಒಡೆಯಲು ಶುರುವಾದದ್ದು. ಈಗ ಅದನ್ನೇ ನೆಪ ಮಾಡಿಕೊಂಡು, ಆ ಕೇರಿಯ ಹಾಲನ್ನು ಪೂರ್ತಿ ನಿಲ್ಲಿಸಲು ಮುಂದಿನ ವಾರದ ಸಭೆಯಲ್ಲಿ ಠರಾವು ಮಾಡುವವರಿದ್ದರು. ಸಂಘ ಬೇಡವೆಂದರೆ ಆ ಹಾಲಿಗೆ ಬೇರೆ ಗತಿಯಿರಲಿಲ್ಲ. ಊರಿನ ಹೋಟೆಲಿನವನು ಅದನ್ನು ಮುಟ್ಟುತ್ತಿರಲಿಲ್ಲ, ಬೇರೆ ಡೇರಿಯ ವ್ಯಾನು ಆ ದಾರಿಗೆ ಬರುತ್ತಿರಲಿಲ್ಲ. ಹಸು ಮಾರುವುದೊಂದೇ ದಾರಿ.

ಅಷ್ಟರಲ್ಲಿ ಗಂಗಮ್ಮ ಬಂದಳು. ನಲವತ್ತು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಬಿಗಿದು, ಕೈಯಲ್ಲಿ ಬಿಗಿಯಾಗಿ ಹಿಡಿದ ಸ್ಟೀಲ್ ಕ್ಯಾರಿಯರ್. ಅವಳ ಹಾಲನ್ನು ನಾನೇ ಪರೀಕ್ಷಿಸಿದೆ. ಕೊಬ್ಬಿನಂಶ ಚೆನ್ನಾಗಿತ್ತು, ಕುದಿಸಿದರೆ ಒಡೆಯಲಿಲ್ಲ. ಆಮೇಲೆ ನೀಲಿ ದಾರದ ಕ್ಯಾನಿನ ಮುಚ್ಚಳ ತೆಗೆದೆ. ಹುಳಿ ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಒಳಗೋಡೆಗೆ ಹಳೆಯ ಹಾಲು ಹೆಪ್ಪುಗಟ್ಟಿ ಅಂಟಿಕೊಂಡಿತ್ತು.

“ಇದನ್ನು ಯಾರು ತೊಳೆಯುವುದು?” ಎಂದೆ. ಕೇಳಿದ್ದು ನಂಜುಂಡನನ್ನು. ಹೇಳಿದ್ದು ಗಂಗಮ್ಮ.

“ಯಾರೂ ತೊಳೆಯಲ್ಲ ಕಣಮ್ಮ. ನಮ್ ಕ್ಯಾನು ಅಂತ ಅವ್ರು ಮುಟ್ಟಲ್ಲ. ನಾನೇ ತೊಳೀತೀನಿ ಅಂದ್ರೆ ತೊಟ್ಟಿ ಹತ್ರ ಬರ್ಬೇಡ ಅಂತಾರೆ. ಮನೇಗೆ ತಗೊಂಡೋಯ್ತೀನಿ ಅಂದ್ರೆ ಸಂಘದ ಆಸ್ತಿ ಅಂತಾರೆ. ದೂರದಿಂದ ಒಂದ್ ಚೊಂಬು ನೀರು ಎರಚ್ತಾರೆ, ಅಷ್ಟೇಯ.”

ಮೈ ಉರಿದು ಹೋಯಿತು. ಮೂವತ್ತು ವರ್ಷ ಹಾಲಿನ ನಡುವೆ ಬದುಕಿದವಳು ನಾನು. ಹಾಲು ಹೆಪ್ಪಾಗಲು ಒಂದು ಚಮಚ ಮಜ್ಜಿಗೆ ಸಾಕು ಎನ್ನುವುದು ಆ ಊರಿನ ಪ್ರತಿ ಅಡುಗೆಮನೆಗೂ ಗೊತ್ತು. ಇವರು ದಿನಾ ಬೆಳಿಗ್ಗೆ ತಾವೇ ಹೆಪ್ಪು ಹಾಕಿ, ಸಂಜೆ ಆ ಕೇರಿಯ ಹಾಲಿಗೆ ಹೆಸರಿಡುತ್ತಿದ್ದರು.

ನಾನು ಅಲ್ಲಿ ಭಾಷಣ ಮಾಡಲಿಲ್ಲ. ಮರುದಿನ ಘಟಕದಿಂದ ಬಿಸಿನೀರಲ್ಲಿ ತೊಳೆದ ಒಂದು ಖಾಲಿ ಕ್ಯಾನು ತಂದೆ. ಕೇರಿಯವರ ಹಾಲನ್ನು ಅದಕ್ಕೆ ಹಾಕಿಸಿದೆ. ಊರವರೆಲ್ಲರ ಹಾಲು ಬೆರೆತಿದ್ದ ಕ್ಯಾನಿನಿಂದ ಅಷ್ಟೇ ಹಾಲು ತೆಗೆದು, ನನ್ನ ಕೈಯಾರೆ ನೀಲಿ ದಾರದ ಕ್ಯಾನಿಗೆ ಸುರಿದೆ. ಎರಡೂ ಒಂದೇ ಲಾರಿಯಲ್ಲಿ ಹೋದವು. ಸಂಘದ ಅಧ್ಯಕ್ಷರನ್ನೂ ನಂಜುಂಡನನ್ನೂ ನನ್ನ ಜೀಪಿಗೆ ಹತ್ತಿಸಿಕೊಂಡು ಹಿಂದೆಯೇ ಹೋದೆ. ಅಧ್ಯಕ್ಷರು ತೆಂಗಿನ ತೋಟದ ಯಜಮಾನರು, ಮಾತು ಮೃದು. ದಾರಿಯಲ್ಲಿ, “ನೀವೂ ನಮ್ಮೋರೇ ಅಲ್ವಾ ಮೇಡಂ, ಊರ ಕಷ್ಟ ನಿಮಗೆ ಗೊತ್ತಾಗ್ತದೆ,” ಎಂದರು. ನಾನು ಹಾಲಿನವಳು, ಹಾಲಿನ ಕಷ್ಟ ಮಾತ್ರ ಗೊತ್ತು ಎಂದೆ.

ಘಟಕದಲ್ಲಿ ಎರಡು ನಳಿಗೆ ಕುದಿಸಿದರು. ಕೇರಿಯವರ ಹಾಲು ಉಕ್ಕಿ ಬಂತು, ಒಡೆಯಲಿಲ್ಲ. ಊರವರ ಹಾಲು ಮೊಸರು ಕದಡಿದಂತೆ ಗಂಟುಗಂಟಾಗಿ ನಿಂತಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆದರೂ ಅವರು ಜಾಣರು. “ಹಂಗಾದ್ರೆ ಕ್ಯಾನಿಂದು ತಪ್ಪು ಬುಡಿ. ಹೊಸ ಕ್ಯಾನ್ ಕೊಡೋಣ, ಅವ್ರ ಕೇರೀಲೇ ಇಟ್ಕೊಂಡು ಅವ್ರೇ ತೊಳ್ಕೊಳ್ಲಿ,” ಎಂದರು.

ನನ್ನ ಮೇಲಧಿಕಾರಿಗೆ ಫೋನ್ ಮಾಡಿದೆ. ಹಾಲು ಒಡೆಯುವುದು ನಿಂತರೆ ನಮ್ಮ ಕೆಲಸ ಮುಗಿಯಿತಲ್ಲಮ್ಮ, ಒಪ್ಪಿಕೊಂಡು ಬನ್ನಿ ಎಂದರು. ಕಾಗದದ ಮೇಲೆ ಅವರ ಮಾತು ಸರಿಯೇ. ಆದರೆ ಆ ಒಪ್ಪಿಗೆ ಕೊಡಬೇಕಾದವಳು ನಾನಲ್ಲ. ಸಂಜೆಯ ಸರದಿಗೆ ಅಧ್ಯಕ್ಷರೊಡನೆಯೇ ವಾಪಸ್ ಹೋಗಿ ಗಂಗಮ್ಮನನ್ನು ಸಂಘದ ಬಾಗಿಲಲ್ಲೇ ಕೇಳಿದೆ.

ಅವಳು ಕ್ಯಾರಿಯರ್ ಕೆಳಗಿಟ್ಟು ಅಧ್ಯಕ್ಷರ ಕಡೆ ತಿರುಗಿದಳು.

“ಹೊಸ ಕ್ಯಾನ್ ಕೊಟ್ರೆ ಹಾಲು ಒಡಿಯಲ್ಲ ಸಾಮಿ, ದಿಟ. ನಾಳೆ ನನ್ ಮಗ್ಳೂ ಅದೇ ಬೇರೆ ಕ್ಯಾನ್ ಹೊತ್ಕೊಂಡು ಬಂದು ಈ ಬಿಸಿಲಲ್ಲೇ ನಿಂತ್ಕೋಬೇಕಲ್ಲ. ನಂಗೆ ಹೊಸ ಕ್ಯಾನು ಬ್ಯಾಡ. ಒಳಗಿರೋ ಕ್ಯಾನು ಬೇಕು.”

ಹಾಗೆ ಮಾಡಿದರೆ ಊರವರು ಹಾಲು ಹಾಕುವುದನ್ನೇ ಬಿಡುತ್ತಾರೆ ಎಂದರು ಅಧ್ಯಕ್ಷರು. ನನ್ನ ಬಾಯಿ ಜೋರಾದದ್ದು ಆಗಲೇ. ಹಾಲು ಹಾಕುವುದು ಬಿಡುವುದು ಅವರಿಷ್ಟ. ಆದರೆ ಜಾತಿ ನೋಡಿ ಬೇರೆ ಕ್ಯಾನು ಇಡುವುದು ಅಸ್ಪೃಶ್ಯತೆಯ ಆಚರಣೆ, ಅಪರಾಧ. ನಾಳೆ ಬೆಳಿಗ್ಗೆ ಆ ಕ್ಯಾನು ಹೊರಗೆ ಕಂಡರೆ ನಾನು ಇಲ್ಲಿಂದ ನೇರ ಗುಬ್ಬಿ ಠಾಣೆಗೆ ಹೋಗುತ್ತೇನೆ ಎಂದೆ. “ಇವಮ್ಮ ಒಬ್ರೇ ಯಾಕೆ ಹೋಗ್ಬೇಕು? ನಾನೂ ಬತ್ತೀನಿ, ಕಂಪ್ಲೇಂಟು ನಂದೇ,” ಎಂದಳು ಗಂಗಮ್ಮ. ಆ ಊರಲ್ಲೇ ಬದುಕಬೇಕಾದವಳು ಅವಳು. ನನಗೆ ಜೀಪಿತ್ತು, ಸಂಜೆಗೆ ತುಮಕೂರಿತ್ತು. ಅವಳ ಧೈರ್ಯ ನನ್ನದಕ್ಕಿಂತ ದೊಡ್ಡದು ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಹೊರಗೆ ಕ್ಯಾನು ಇರಲಿಲ್ಲ. ಊರವರ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ನೋಡಲೆಂದೇ ಬಂದವರೂ ಇದ್ದರು. ಗಂಗಮ್ಮ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಒಳಗೆ ಕಾಲಿಟ್ಟು ಕ್ಯಾರಿಯರ್ ಮುಂದೆ ಮಾಡಿದಳು. ನಂಜುಂಡನ ಕೈ ಅಳತೆ ಪಾತ್ರೆಯ ಮೇಲೇ ನಿಂತುಬಿಟ್ಟಿತು. ಹಿಂದಿನಿಂದ ಒಬ್ಬಿಬ್ಬರು ತಮ್ಮ ಕ್ಯಾರಿಯರ್ ಎತ್ತಿಕೊಂಡು ಹೊರಟೇಬಿಟ್ಟರು. ಈ ಸಾಲು ಪೂರ್ತಿ ಕರಗಿದರೆ ಸಂಘವೇ ಮುಚ್ಚುತ್ತದೆ, ಆ ಪಾಪವೂ ಗಂಗಮ್ಮನ ತಲೆಗೇ ಬರುತ್ತದೆ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಗಂಗಮ್ಮನ ಹಿಂದೆ ಇದ್ದವಳು ಸಣ್ಣಮ್ಮಜ್ಜಿ, ಊರ ದೊಡ್ಡ ಮನೆಯವಳು. ಒಂದೇ ಹಸು, ಮುಂಗೋಪ. ಅವಳು ನಂಜುಂಡನಿಗೆ ಗದರಿದಳು.

“ಏನ್ಲಾ ನೋಡ್ತಾ ನಿಂತಿದೀಯ? ಹುಯ್ಕೊಳ್ಳೋ ಬೇಗ. ನನ್ ಹಸೂಗೆ ಇನ್ನೂ ಹುಲ್ಲು ಹಾಕಿಲ್ಲ.”

ನಂಜುಂಡ ಹುಯ್ದ. ಅದರ ಮೇಲೆಯೇ ಅಜ್ಜಿಯ ಹಾಲು ಬಿತ್ತು. ಅವಳ ಹಿಂದಿನವರೂ ಒಬ್ಬೊಬ್ಬರಾಗಿ ಮುಂದೆ ಬಂದರು. ಬಿಟ್ಟು ಹೋದವರು ಕೆಲವು ದಿನ ಬಿಗಿದುಕೊಂಡಿದ್ದು, ಆಮೇಲೆ ಒಬ್ಬೊಬ್ಬರೇ ಬಂದು ಸಾಲಿಗೆ ಸೇರಿಕೊಂಡರು. ಠರಾವು ಸಭೆಗೆ ಬರಲೇ ಇಲ್ಲ. ಮನಸ್ಸುಗಳು ಬದಲಾದವು ಎಂದು ನಾನು ಹೇಳಲಾರೆ. ಹೋಟೆಲಿನಲ್ಲಿ ಕೇರಿಯವರಿಗೆ ಲೋಟ ಬೇರೆಯೇ ಇತ್ತು, ಗಂಗಮ್ಮ ಆ ವರ್ಷವೇ ಅದರ ಹಿಂದೆಯೂ ಬಿದ್ದಳು ಎಂದು ಕೇಳಿದೆ.

ನಿವೃತ್ತಿಯ ಮುನ್ನ ಕೊನೆಯ ಸಲ ಆ ಊರಿಗೆ ಹೋದಾಗ ತೊಟ್ಟಿಯ ಬಳಿ ಕ್ಯಾನುಗಳನ್ನು ಬೋರಲು ಹಾಕಿದ್ದರು. ಒಂದರ ಹಿಡಿಯಲ್ಲಿ ನೀಲಿ ದಾರದ ತುಣುಕು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನೂ ಉಳಿದವುಗಳ ಜೊತೆ ತೊಳೆದಿದ್ದರು. ಅಂದಿನಿಂದ, ಯಾರ ಬಗ್ಗೆಯಾದರೂ “ಅವರದ್ದು ಹಾಗೇ” ಎನ್ನುವ ಮಾತು ಕಿವಿಗೆ ಬಿದ್ದರೆ, ಅವರ ಕೈಗೆ ನಾವು ಕೊಟ್ಟಿರುವ ಪಾತ್ರೆ ಯಾವುದು ಎಂದು ನಾನು ಮೊದಲು ಮುಚ್ಚಳ ತೆಗೆದು ನೋಡುತ್ತೇನೆ.