ಎರಡು ನಿಮಿಷ ಕೂರಲಾರದ ಭಾವ

ನಮ್ಮ ಭಾವನವರಿಗೆ ಮುಚ್ಚಿದ ಬಾಗಿಲು ಕಂಡರಾಗದು. ವಾಷಿಂಗ್ ಮೆಷಿನ್ನಿನ ಲಾಕು ಕೆಟ್ಟು ಬಾಗಿಲು ಬಿಗಿದುಕೊಂಡರಂತೂ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ‘ಮೆಕ್ಯಾನಿಕ್ಕನ್ನ ಕರೀಲಾ?’ ಎಂದರೆ, ಬಾಯಲ್ಲಿ ಕಚ್ಚಿಕೊಂಡ ಟಾರ್ಚು ತೆಗೆದು, ‘ನಾನೇನು ಸತ್ತಿದೀನಾ?’ ಎನ್ನುತ್ತಾರೆ. ಇವತ್ತು ಒಳಗಿರುವುದು ಅಕ್ಕನ ಒಂದೇ ಒಂದು ಯೂನಿಫಾರಂ. ಮಧ್ಯಾಹ್ನದ ಡ್ಯೂಟಿಗೆ ಮುಂಚೆ ಅದು ಒಣಗಿ ಇಸ್ತ್ರಿಯೂ ಆಗಬೇಕು. ಪ್ಲಗ್ ಕಿತ್ತು ಎರಡು ನಿಮಿಷ ಸುಮ್ಮನೆ ಬಿಟ್ಟರೆ ಆ ಲಾಕು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಭಾವ ಬಿಡಬೇಕಲ್ಲ! ಅರ್ಧ ನಿಮಿಷಕ್ಕೇ ‘ಈಗ ನೋಡೋಣ’ ಎಂದು ಮತ್ತೆ ಸಿಕ್ಕಿಸುತ್ತಾರೆ, ಬಾಗಿಲು ಗುದ್ದುತ್ತಾರೆ, ಅಡುಗೆಮನೆಗೊಂದು ಸುತ್ತು ಹಾಕಿ ಬಂದು ಮತ್ತೆ ಕೀಳುತ್ತಾರೆ. ‘ಸ್ವಲ್ಪ ಕೂತ್ಕೊಳ್ಳಿ ಭಾವ’ ಎಂದರೆ, ‘ಕೂತ್ರೆ ಕೆಲಸ ಆಗುತ್ತೇನಯ್ಯಾ?’ ಎಂದು ನನ್ನನ್ನೇ ಗದರುತ್ತಾರೆ. ಹೋದ ವರ್ಷ ಅಕ್ಕನ ಆಪರೇಷನ್ ನಡೆದ ನಾಲ್ಕು ಗಂಟೆಯೂ ಇದೇ ಮನುಷ್ಯ ಥಿಯೇಟರಿನ ಮುಚ್ಚಿದ ಬಾಗಿಲ ಮುಂದೆ ಬರಿಗೈಯಲ್ಲಿ ಕೂತಿದ್ದರು. ಕಾಯುವ ಶಕ್ತಿಯೆಲ್ಲ ಅಂದೇ ಖಾಲಿಯಾಗಿರಬೇಕು. ಅಕ್ಕನಿಗೆ ಅದು ಗೊತ್ತು. ಕೊನೆಗೆ ಅವಳೇ ಬಂದು ಪ್ಲಗ್ ಕಿತ್ತಳು, ಗಂಡನ ಎರಡೂ ಕೈ ಹಿಡಿದು ‘ಇಲ್ಲೇ ಇದೀನಲ್ಲ, ಕೂತ್ಕೊಳ್ಳಿ’ ಎಂದಳು. ಎರಡು ನಿಮಿಷಕ್ಕೆ ಲಾಕು ಟಕ್ಕೆಂದಿತು. ‘ನೋಡಿದ್ಯಾ, ಹೇಗೆ ರಿಪೇರಿ ಮಾಡ್ದೆ!’ ಎಂದು ಬೀಗಿದ ಭಾವ, ಹೆಂಡತಿಯ ಕೈ ಬಿಡುವುದನ್ನು ಮಾತ್ರ ಮರೆತಿದ್ದರು.